ದುಬಾರಿ ಮಾರುಕಟ್ಟೆಯಲ್ಲಿ ಮನೆ: ಹೆಚ್ಚುವರಿ ಹಣ ಹೋಗುತ್ತಿರುವುದು ಯಾವುದಕ್ಕೆ?

ಮನೆಗಳ ಬೆಲೆ ಕೈಗೆಟುಕದಷ್ಟು ಏರಿದೆ ಎಂಬ ಮಾತಿನ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಈಗ ಕೊಳ್ಳುತ್ತಿರುವವರು ಇರಬೇಕಾದ ಬೆಲೆಗಿಂತ ಹೆಚ್ಚು ತೆರುತ್ತಿದ್ದಾರೆ. ಇವೆರಡನ್ನೂ ಒಂದೇ ಸಂಗತಿಯೆಂದು ಭಾವಿಸುವುದು ರೂಢಿ. ಆದರೆ ಇಡೀ ಮಾರುಕಟ್ಟೆ ದುಬಾರಿಯಾಗಿದ್ದು, ಅದಕ್ಕೆ ಭೂಮಿಯ ಕೊರತೆ, ಜನರ ಆದಾಯ, ಬಡ್ಡಿದರಗಳಂಥ ಗಟ್ಟಿ ಕಾರಣಗಳಿದ್ದರೆ, ಅಲ್ಲಿ ಮನೆ ಕೊಂಡವರು ದುಬಾರಿ ವಸ್ತುವನ್ನು ಅದರ ಬೆಲೆಗೇ ಕೊಂಡಿರುತ್ತಾರೆ. ಅಗ್ಗದ ಮಾರುಕಟ್ಟೆಯಲ್ಲಿ ಅವಸರಕ್ಕೆ ಬಿದ್ದು, ಪಕ್ಕದ ಮನೆ ಎಷ್ಟಕ್ಕೆ ಹೋಯಿತೆಂದು ವಿಚಾರಿಸದೆ ಕೊಂಡವರು ಹೆಚ್ಚು ತೆತ್ತಿರುತ್ತಾರೆ. ಆದ್ದರಿಂದ ಪ್ರಶ್ನೆಯನ್ನು ಎರಡಾಗಿ ಸೀಳಬೇಕಾಗುತ್ತದೆ. ಮಾರುಕಟ್ಟೆಯ ಬೆಲೆಯೇ ತಪ್ಪಾಗಿದೆಯೇ ಎನ್ನುವುದು ಒಂದು; ಮಾರುಕಟ್ಟೆಯ ಬೆಲೆಗಿಂತಲೂ ಈ ಖರೀದಿದಾರರು ಹೆಚ್ಚು ಕೊಡುತ್ತಿದ್ದಾರೆಯೇ ಎನ್ನುವುದು ಇನ್ನೊಂದು. ಚರ್ಚೆಯೆಲ್ಲ ಮೊದಲನೆಯದರ ಸುತ್ತ ನಡೆಯುತ್ತದೆ. ಉತ್ತರ ಸಿಗುವ ಸಾಧ್ಯತೆ ಹೆಚ್ಚಿರುವುದು ಎರಡನೆಯದಕ್ಕೆ.

ಮೊದಲ ಪ್ರಶ್ನೆಗೆ ಎಲ್ಲರೂ ಬಳಸುವ ಅಳತೆಗೋಲು ಆದಾಯದ ಅನುಪಾತ: ಒಂದು ನಗರದ ಮನೆಗಳ ಮಧ್ಯಮ ಬೆಲೆಯನ್ನು (ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದರೆ ನಟ್ಟನಡುವೆ ಬರುವುದನ್ನು) ಅಲ್ಲಿನ ಕುಟುಂಬಗಳ ಮಧ್ಯಮ ವಾರ್ಷಿಕ ಆದಾಯದಿಂದ ಭಾಗಿಸಿದರೆ ಬರುವ ಸಂಖ್ಯೆ. ಪ್ರತಿವರ್ಷ ಹಲವು ದೇಶಗಳ ನಗರಗಳನ್ನು ಹೀಗೆ ಅಳೆಯುವ ಡೆಮೋಗ್ರಾಫಿಯಾ ವರದಿಯು ಈ ಸಂಖ್ಯೆ 3ರ ಒಳಗಿದ್ದರೆ ಕೈಗೆಟುಕುವ ಮಾರುಕಟ್ಟೆಯೆಂದೂ 5 ದಾಟಿದರೆ ತೀವ್ರ ದುಬಾರಿಯೆಂದೂ ಪರಿಗಣಿಸುತ್ತದೆ. ಹಾಂಕಾಂಗ್‌ನಲ್ಲಿ ಅದು 2010ರ ದಶಕದುದ್ದಕ್ಕೂ 10ಕ್ಕಿಂತ ಮೇಲಿತ್ತು, 2020ರ ಹೊತ್ತಿಗೆ 20ನ್ನು ದಾಟಿತು. ಅಂದರೆ ಊಟ, ಬಟ್ಟೆ, ತೆರಿಗೆ ಯಾವುದಕ್ಕೂ ಖರ್ಚು ಮಾಡದೆ ಇಪ್ಪತ್ತು ವರ್ಷದ ಇಡೀ ಆದಾಯವನ್ನು ಕೂಡಿಟ್ಟರೆ ಒಂದು ಮನೆ. 2011ರಲ್ಲಿಯೇ ಅಲ್ಲಿನ ಬೆಲೆಗಳನ್ನು ನೋಡಿ, ಇದು ನಿಲ್ಲುವಂಥದ್ದಲ್ಲ ಎಂದು ತೀರ್ಮಾನಿಸಿದವರ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೂ ಮುಂದಿನ ಹತ್ತು ವರ್ಷಗಳಲ್ಲಿ ಬೆಲೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. 2021ರ ನಂತರ ಇಳಿಯತೊಡಗಿ ಮೂರು ವರ್ಷಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕರಗಿತು. 2024ರಲ್ಲಿ ಅಲ್ಲಿನ 30 ಸಾವಿರಕ್ಕೂ ಹೆಚ್ಚು ಗೃಹಸಾಲಗಳಲ್ಲಿ ಬಾಕಿಯು ಮನೆಯ ಬೆಲೆಯನ್ನೇ ಮೀರಿತ್ತು. ಇಷ್ಟಾಗಿಯೂ, ಕುಸಿದ ಬೆಲೆ 2011ರ ಬೆಲೆಗಿಂತ ಗಣನೀಯವಾಗಿ ಮೇಲೆಯೇ ಉಳಿಯಿತು. ದುಬಾರಿ ಎಂದು ಹೇಳಿದವರು ಸರಿ, ಕಾದು ಕುಳಿತವರು ಸೋತರು, 2021ರಲ್ಲಿ ಕೊಂಡವರು ಇನ್ನೂ ಹೆಚ್ಚು ಸೋತರು. ಅನುಪಾತವೊಂದೇ ಈ ಮೂವರಲ್ಲಿ ಯಾರಿಗೂ ದಾರಿ ತೋರಿಸುತ್ತಿರಲಿಲ್ಲ.

ಏಕೆಂದರೆ ಆದಾಯದ ಅನುಪಾತವು ಮನೆಯನ್ನು ಯಾರು ಕೊಳ್ಳಬಲ್ಲರು ಎಂಬುದನ್ನು ಹೇಳುತ್ತದೆಯೇ ಹೊರತು ಆ ಬೆಲೆ ಸರಿಯೇ ಎಂಬುದನ್ನಲ್ಲ. ಸಮಾಜನೀತಿಯ ದೃಷ್ಟಿಯಿಂದ ಅದು ಅತ್ಯಂತ ಮುಖ್ಯವಾದ ಸಂಖ್ಯೆ. ಕೊಳ್ಳುವವರ ನಿರ್ಧಾರಕ್ಕೆ ಅದರ ನೆರವು ಅಲ್ಪ. ಅದರಲ್ಲಿ ಬಡ್ಡಿಯ ಮಾತೇ ಇಲ್ಲ. ಬಹುಪಾಲು ಜನ ಮನೆಯನ್ನು ಕೊಳ್ಳುವುದು ಬೆಲೆ ಕೊಟ್ಟಲ್ಲ, ಕಂತು ಕಟ್ಟಿ. 30 ವರ್ಷದ ಸಾಲಕ್ಕೆ ಬಡ್ಡಿ ಶೇ 3 ಇದ್ದಾಗ ತಿಂಗಳ ಕಂತು 100 ಎಂದಿಟ್ಟುಕೊಂಡರೆ, ಅದೇ ಸಾಲಕ್ಕೆ ಶೇ 7ರ ಬಡ್ಡಿಯಲ್ಲಿ ಕಂತು 158 ಆಗುತ್ತದೆ. ತಿರುಗಿಸಿ ಹೇಳುವುದಾದರೆ, ಅಷ್ಟೇ ಕಂತು ಕಟ್ಟಬಲ್ಲ ಕುಟುಂಬಕ್ಕೆ ಶೇ 3ರಲ್ಲಿ 100 ಸಾಲ ಸಿಗುತ್ತಿದ್ದರೆ ಶೇ 7ರಲ್ಲಿ ಸಿಗುವುದು 63 ಮಾತ್ರ. ಆದಾಯ ಒಂದಿಷ್ಟೂ ಬದಲಾಗದೆ, ಮನೆಗೆ ಕೊಡಬಲ್ಲ ಬೆಲೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗಿತು. ಬಡ್ಡಿ ತೀರ ಕಡಿಮೆಯಿದ್ದ ಕಾಲದಲ್ಲಿ ಅನುಪಾತ ಏರಿದ್ದು ಜನರ ಹುಚ್ಚಿನಿಂದಲೇ ಎಂದು ಹೇಳುವ ಮುನ್ನ ಈ ಗಣಿತವನ್ನು ನೋಡಬೇಕು.

ಮನೆಯ ಬೆಲೆ ಸರಿಯೇ ಎಂದು ಕೇಳುವುದಕ್ಕೆ ಇದಕ್ಕಿಂತ ಉತ್ತಮವಾದ ದಾರಿಯೆಂದರೆ ಬಾಡಿಗೆ. ಮನೆ ಎಂಬ ಆಸ್ತಿ ಕೊಡುವ ನಿಜವಾದ ಫಲವೆಂದರೆ ಅದರಲ್ಲಿ ವಾಸಿಸುವ ಅವಕಾಶ, ಮತ್ತು ಆ ಅವಕಾಶಕ್ಕೆ ಮಾರುಕಟ್ಟೆಯಲ್ಲಿ ಈಗಾಗಲೇ ಒಂದು ಬೆಲೆಯಿದೆ. ಅದೇ ಮನೆಯಲ್ಲಿ, ಅದೇ ಬೀದಿಯಲ್ಲಿ, ಬಾಡಿಗೆಗಿದ್ದರೆ ವರ್ಷಕ್ಕೆ ಎಷ್ಟು ಖರ್ಚು. ಮಾಲೀಕರಾಗಿ ಇದ್ದರೆ ಎಷ್ಟು? ಮಾಲೀಕರ ಖರ್ಚೆಂದರೆ ಕೇವಲ ಕಂತಲ್ಲ. ಸಾಲದ ಮೇಲಿನ ಬಡ್ಡಿ, ಸ್ವಂತವಾಗಿ ಹಾಕಿದ ಹಣ ಬೇರೆಡೆ ಗಳಿಸಬಹುದಾಗಿದ್ದ ಆದಾಯ, ಆಸ್ತಿ ತೆರಿಗೆ, ದುರಸ್ತಿ, ಕಟ್ಟಡದ ಸವಕಳಿ ಇವೆಲ್ಲ ಸೇರಬೇಕು. ಅಸಲಿನ ಮರುಪಾವತಿ ಸೇರಬಾರದು, ಏಕೆಂದರೆ ಅದು ಖರ್ಚಲ್ಲ, ಉಳಿತಾಯ. ಕೊನೆಗೆ ಇದರಿಂದ ಒಂದನ್ನು ಕಳೆಯಬೇಕು: ಆ ವರ್ಷದಲ್ಲಿ ಮನೆಯ ಬೆಲೆ ಎಷ್ಟು ಏರುತ್ತದೆಂದು ನಿರೀಕ್ಷೆಯಿದೆಯೋ ಅಷ್ಟು. ಅರ್ಥಶಾಸ್ತ್ರಜ್ಞರು 1980ರ ದಶಕದಿಂದಲೂ ಬಳಸುತ್ತಿರುವ ಲೆಕ್ಕವಿದು. ಕೂಡುವ ಬಾಬತ್ತುಗಳೆಲ್ಲ ಕಣ್ಣಿಗೆ ಕಾಣುವಂಥವು. ಕಳೆಯುವ ಬಾಬತ್ತು ಮಾತ್ರ ಕೇವಲ ನಂಬಿಕೆ. ಇಡೀ ವಿವಾದ ಅಡಗಿರುವುದು ಆ ಒಂದು ಸಾಲಿನಲ್ಲಿ.

ಅದು ಎಷ್ಟರಮಟ್ಟಿಗೆ ಎಂಬುದನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. ಮನೆಯ ಬೆಲೆ 100. ಅದರ ವಾರ್ಷಿಕ ಬಾಡಿಗೆ 3. ಸಾಲದ ಬಡ್ಡಿ ಹಾಗೂ ಸ್ವಂತ ಹಣದ ಅವಕಾಶ ವೆಚ್ಚ ಸೇರಿ ಶೇ 6; ತೆರಿಗೆ, ದುರಸ್ತಿ, ಸವಕಳಿ ಸೇರಿ ಶೇ 2. ಮಾಲೀಕತ್ವದ ವಾರ್ಷಿಕ ಖರ್ಚು 8, ಸಿಗುವ ಫಲ 3. ಉಳಿದ 5ನ್ನು ತುಂಬಬೇಕಾದದ್ದು ಬೆಲೆಯ ಏರಿಕೆ, ಅದೂ ಪ್ರತಿವರ್ಷ. ಬೆಲೆ ವರ್ಷಕ್ಕೆ ಶೇ 5ರಂತೆ ಏರುತ್ತದೆಂದು ಒಪ್ಪಿದರೆ ಈ ಮನೆಗೆ 100 ಕೊಟ್ಟದ್ದು ಸರಿ. ಶೇ 4 ಎಂದು ಭಾವಿಸಿದರೆ ಅದೇ ಬಾಡಿಗೆ ಸಮರ್ಥಿಸುವ ಬೆಲೆ 75ಕ್ಕೆ ಇಳಿಯುತ್ತದೆ. ಶೇ 3 ಎಂದಾದರೆ 60. ಶೇ 6 ಎಂದು ನಂಬಿದವರಿಗೋ ಅದು 150ಕ್ಕೆ ಸಿಕ್ಕರೂ ಮೋಸವಿಲ್ಲ. ಮನೆ ಅದೇ, ಗೋಡೆ ಅದೇ, ಬಾಡಿಗೆ ಅದೇ, ಬಡ್ಡಿ ಅದೇ; ಭವಿಷ್ಯದ ಬಗೆಗಿನ ಊಹೆಯಲ್ಲಿ ಶೇಕಡಾ ಒಂದರಷ್ಟು ವ್ಯತ್ಯಾಸವಾದರೆ ಬೆಲೆ ಕಾಲು ಭಾಗ ಕುಸಿಯುತ್ತದೆ ಅಥವಾ ಅರ್ಧದಷ್ಟು ಜಿಗಿಯುತ್ತದೆ. ಮುಂದಿನ ಹತ್ತು ವರ್ಷ ಬೆಲೆ ಶೇ 4ರಂತೆ ಏರುತ್ತದೆಯೋ ಶೇ 5ರಂತೆಯೋ ಎಂದು ಯಾರೇ ಆಗಲಿ ಖಚಿತವಾಗಿ ಹೇಳಬಲ್ಲರೆಂದು ನಾನು ನಂಬುವುದಿಲ್ಲ. ಹಾಗಿದ್ದ ಮೇಲೆ ಇಂಥ ಮಾರುಕಟ್ಟೆಯಲ್ಲಿ ಸರಿಯಾದ ಬೆಲೆಯೆಂಬ ಒಂದೇ ಬಿಂದುವನ್ನು ಹುಡುಕುವುದು ವ್ಯರ್ಥ. ಕೇಳಬೇಕಾದ ಪ್ರಶ್ನೆ ಬೇರೆಯದು: ನಾನು ಕೊಡುವ ಬೆಲೆಯಲ್ಲಿ ಎಷ್ಟು ಪಾಲು ಬಾಡಿಗೆಯ ಮೇಲೆ ನಿಂತಿದೆ, ಎಷ್ಟು ಪಾಲು ಮುಂದಿನ ಏರಿಕೆಯ ಮೇಲೆ ನಿಂತಿದೆ? ಮೇಲಿನ ಉದಾಹರಣೆಯಲ್ಲಿ ಹಣದುಬ್ಬರ ಶೇ 3 ಇದ್ದು ಮನೆಯ ಬೆಲೆಯೂ ಅಷ್ಟೇ ಏರುತ್ತದೆಂದು ಇಟ್ಟುಕೊಂಡರೆ, 100ರಲ್ಲಿ 60 ಮನೆಗೆ ಕೊಟ್ಟದ್ದು, 40 ಆಶಾವಾದಕ್ಕೆ ಕೊಟ್ಟದ್ದು. ಆಶಾವಾದ ನಿಜವಾಗಲೂಬಹುದು. ಆದರೆ ಅದನ್ನು ಮನೆಯೆಂದು ಕರೆಯುವುದು ಸರಿಯಲ್ಲ.

ಈ ಲೆಕ್ಕ ನುರಿತವರನ್ನೂ ಎಡವಿಸಿದ ಪ್ರಸಂಗವೊಂದಿದೆ. ಅಮೆರಿಕದ ಮೂವರು ಅರ್ಥಶಾಸ್ತ್ರಜ್ಞರು, ಚಾರ್ಲ್ಸ್ ಹಿಮೆಲ್‌ಬರ್ಗ್, ಕ್ರಿಸ್ಟೋಫರ್ ಮೇಯರ್ ಮತ್ತು ಟಾಡ್ ಸಿನಾಯ್, ಇದೇ ವಿಧಾನದಿಂದ ತಮ್ಮ ದೇಶದ ನಗರಗಳನ್ನು ಪರಿಶೀಲಿಸಿ, 2004ರ ಅಂತ್ಯದ ವೇಳೆಗೆ ಗುಳ್ಳೆಯ, ಅಂದರೆ ಗಟ್ಟಿ ಕಾರಣವಿಲ್ಲದೆ ಬೆಲೆ ಉಬ್ಬಿರುವುದರ, ಪುರಾವೆ ಅಷ್ಟಾಗಿ ಕಾಣುವುದಿಲ್ಲವೆಂದು 2005ರಲ್ಲಿ ಪ್ರಕಟಿಸಿದರು. ಮರುವರ್ಷ ಬೆಲೆಗಳು ತುತ್ತತುದಿ ಮುಟ್ಟಿದವು. 2012ರ ಹೊತ್ತಿಗೆ ಮನೆ ಬೆಲೆಗಳ ರಾಷ್ಟ್ರೀಯ ಸೂಚ್ಯಂಕ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ಅವರ ಗಣಿತ ತಪ್ಪಿರಲಿಲ್ಲ. ಬಡ್ಡಿ ಕಡಿಮೆಯಿದ್ದಾಗ, ಮತ್ತು ದೀರ್ಘಕಾಲದ ಏರಿಕೆಯ ದರ ಹೆಚ್ಚಿರುವ ನಗರಗಳಲ್ಲಿ, ಬೆಲೆ ಸಣ್ಣ ಬದಲಾವಣೆಗೂ ವಿಪರೀತ ಸ್ಪಂದಿಸುತ್ತದೆಂದು ಅವರೇ ವಿವರಿಸಿದ್ದರು. ದುಬಾರಿ ಮಾರುಕಟ್ಟೆ ತೋರಿಕೆಗೆ ನ್ಯಾಯವಾಗಿ ಕಂಡರೂ ಒಳಗೆ ಎಷ್ಟು ನಾಜೂಕಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಾಣದು.

ಇನ್ನು ಸಾಮಾನ್ಯ ಖರೀದಿದಾರರ ನಿರೀಕ್ಷೆ ಹೇಗಿರುತ್ತದೆ? ಕಾರ್ಲ್ ಕೇಸ್ ಮತ್ತು ರಾಬರ್ಟ್ ಶಿಲ್ಲರ್ ಅಮೆರಿಕದ ನಾಲ್ಕು ನಗರ ಪ್ರದೇಶಗಳಲ್ಲಿ ಆಗಷ್ಟೇ ಮನೆ ಕೊಂಡವರನ್ನು ಪ್ರಶ್ನಿಸಿದಾಗ, 2003ರ ಸಮೀಕ್ಷೆಯಲ್ಲಿ ಸಿಕ್ಕ ಉತ್ತರ ದಂಗುಬಡಿಸುವಂಥದ್ದು: ಮುಂದಿನ ಹತ್ತು ವರ್ಷ ಬೆಲೆ ಸರಾಸರಿ ವರ್ಷಕ್ಕೆ ಶೇ 12ರಿಂದ 16ರಷ್ಟು ಏರುತ್ತದೆಂದು ಅವರು ಭಾವಿಸಿದ್ದರು. ಶೇ 12 ಎಂದರೆ ಹತ್ತು ವರ್ಷಕ್ಕೆ ಮೂರು ಪಟ್ಟು. ಶೇ 15 ಎಂದರೆ ನಾಲ್ಕು ಪಟ್ಟು. ತಮ್ಮ ಊರಿನಲ್ಲಿ ಹಿಂದಿನ ಕೆಲವು ವರ್ಷ ನಡೆದದ್ದನ್ನೇ ಮುಂದಕ್ಕೆ ಎಳೆದು ಗೆರೆ ಹಾಕಿದರೆ ಇಂಥ ಸಂಖ್ಯೆಗಳು ಬರುತ್ತವೆ. ಮೇಲಿನ ಸೂತ್ರದಲ್ಲಿ ಶೇ 12ನ್ನು ಇಟ್ಟು ನೋಡಿದರೆ ಮನೆಯ ಖರ್ಚೇ ಋಣಾತ್ಮಕವಾಗುತ್ತದೆ, ಅಂದರೆ ಯಾವ ಬೆಲೆಯೂ ಹೆಚ್ಚಲ್ಲ. ಹೀಗೆ ನಂಬಿದವರು ಚೌಕಾಸಿ ಮಾಡದೆ ಇರುವುದು ಅವರ ಮಟ್ಟಿಗೆ ತರ್ಕಬದ್ಧವೇ ಆಗಿತ್ತು.

ನಿಜವಾದ ದೀರ್ಘ ಇತಿಹಾಸ ಇದಕ್ಕಿಂತ ಬಹಳ ಮಂದಗತಿಯದು. ಹದಿನೇಳನೇ ಶತಮಾನದ ಆರಂಭದಲ್ಲಿ ತೋಡಿದ ಆಮ್‌ಸ್ಟರ್‌ಡ್ಯಾಮ್‌ನ ಹೆರೆನ್‌ಗ್ರಾಖ್ಟ್ ಕಾಲುವೆಯ ದಂಡೆಯಲ್ಲಿ ಸಿರಿವಂತ ವರ್ತಕರು ಕಟ್ಟಿಸಿದ ಮನೆಗಳಲ್ಲಿ ಬಹಳಷ್ಟು ಇಂದಿಗೂ ನಿಂತಿವೆ, ಅವುಗಳ ಮಾರಾಟದ ದಾಖಲೆಗಳೂ ಉಳಿದಿವೆ. ಪೀಟ್ ಐಖ್‌ಹೋಲ್ಟ್ಸ್ ಎಂಬ ಡಚ್ ವಿದ್ವಾಂಸರು ಅದೇ ಮನೆಗಳು ಮತ್ತೆ ಮತ್ತೆ ಮಾರಾಟವಾದ ಬೆಲೆಗಳನ್ನು ಹೋಲಿಸಿ 1628ರಿಂದ 1973ರವರೆಗಿನ ಸೂಚ್ಯಂಕವನ್ನು ರಚಿಸಿದರು. ಯುದ್ಧ, ಪಿಡುಗು, ಸಾಮ್ರಾಜ್ಯದ ಏಳುಬೀಳುಗಳೆಲ್ಲವನ್ನೂ ಕಂಡ ಆ ಮೂರೂವರೆ ಶತಮಾನಗಳಲ್ಲಿ, ಹಣದುಬ್ಬರವನ್ನು ಕಳೆದರೆ, ಬೆಲೆ ಏರಿದ್ದು ಸುಮಾರು ಎರಡು ಪಟ್ಟು ಮಾತ್ರ. ವರ್ಷಕ್ಕೆ ಸರಾಸರಿ ಶೇ 0.2. ಊರಿನ ಅತ್ಯುತ್ತಮ ಬೀದಿಯ ಕಥೆಯೇ ಇದು. ಆದರೆ ಈ ಒಂದು ಸೂಚ್ಯಂಕವನ್ನು ಹಿಡಿದುಕೊಂಡು ಮನೆಯ ಬೆಲೆ ಎಂದೂ ನಿಜಾರ್ಥದಲ್ಲಿ ಏರುವುದಿಲ್ಲ ಎನ್ನುವವರೂ ಅರ್ಧ ಸತ್ಯವನ್ನೇ ಹೇಳುತ್ತಾರೆ. ಕಥರಿನಾ ಕ್ನೋಲ್, ಮೋರಿಟ್ಸ್ ಶುಲಾರಿಕ್ ಮತ್ತು ಥಾಮಸ್ ಸ್ಟೆಗರ್ 1870ರಿಂದೀಚೆಗೆ 14 ಮುಂದುವರಿದ ದೇಶಗಳ ಮನೆ ಬೆಲೆಗಳನ್ನು ಜೋಡಿಸಿ ತೋರಿಸಿದಂತೆ, ಎರಡನೇ ಮಹಾಯುದ್ಧದವರೆಗೆ ಹಣದುಬ್ಬರ ಕಳೆದ ನೈಜ ಬೆಲೆ ಬಹುತೇಕ ಸಮತಟ್ಟಾಗಿದ್ದು ನಂತರ ಗಟ್ಟಿಯಾಗಿ ಏರಿತು, ಮತ್ತು ಆ ಏರಿಕೆಯ ಸುಮಾರು ಶೇ 80ರಷ್ಟಕ್ಕೆ ಕಾರಣ ಭೂಮಿಯ ಬೆಲೆ. ಇಟ್ಟಿಗೆ, ಸಿಮೆಂಟು, ಕೂಲಿ ದುಬಾರಿಯಾದದ್ದರಿಂದಲ್ಲ, ನಿಂತ ನೆಲ ದುಬಾರಿಯಾದದ್ದರಿಂದ. ಸಾರಿಗೆ ಸುಧಾರಿಸಿ ಹೊಸ ನೆಲ ನಗರದ ತೆಕ್ಕೆಗೆ ಬರುತ್ತಿದ್ದ ಕಾಲ ಮುಗಿದದ್ದು, ಕಟ್ಟಡ ನಿಯಮಗಳು ಬಿಗಿಯಾದದ್ದು, ಕೆಲಸಗಳೆಲ್ಲ ಕೆಲವೇ ನಗರಗಳಲ್ಲಿ ನೆಲೆಯೂರಿದ್ದು ಇದರ ಹಿಂದಿವೆ. ಇವು ರಾತ್ರೋರಾತ್ರಿ ಒಡೆಯುವ ಗುಳ್ಳೆಗಳಲ್ಲ. ಹಾಗೆಂದು ನೆಲದ ಬೆಲೆ ಇಳಿಯುವುದೇ ಇಲ್ಲವೆಂದೂ ಅಲ್ಲ: ಜಪಾನಿನ ಆರು ಮಹಾನಗರಗಳ ವಸತಿ ಭೂಮಿಯ ಬೆಲೆ 1991ರ ನಂತರ ಒಂದು ದಶಕಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಹೋಗಿ ಅರ್ಧಕ್ಕಿಂತ ಹೆಚ್ಚು ಕಳೆದುಕೊಂಡಿತು.

ಬಡ್ಡಿ ಏರಿದರೆ ಬೆಲೆ ಇಳಿಯಲೇಬೇಕಲ್ಲವೇ ಎಂಬುದಕ್ಕೂ ಸರಳ ಉತ್ತರವಿಲ್ಲ. 2022ರಿಂದೀಚೆಗೆ ಹಲವು ದೇಶಗಳಲ್ಲಿ ಬಡ್ಡಿದರ ಹೆಚ್ಚುಕಡಿಮೆ ಒಟ್ಟಿಗೇ ಏರಿತು. ನ್ಯೂಜಿಲೆಂಡ್, ಸ್ವೀಡನ್‌ಗಳಲ್ಲಿ ಬೆಲೆ ಶಿಖರದಿಂದ ಶೇ 10ಕ್ಕೂ ಹೆಚ್ಚು ಇಳಿಯಿತು. ಅಮೆರಿಕದಲ್ಲಿ ಗೃಹಸಾಲದ ದರ 2021ರಲ್ಲಿ ಶೇ 3ರ ಆಸುಪಾಸಿನಲ್ಲಿದ್ದದ್ದು 2023ರಲ್ಲಿ ಶೇ 7ನ್ನು ದಾಟಿದರೂ ಬೆಲೆ ಕುಸಿಯಲಿಲ್ಲ. ವ್ಯತ್ಯಾಸ ಸಾಲದ ಒಪ್ಪಂದದಲ್ಲಿತ್ತು. ಅಲ್ಲಿ 30 ವರ್ಷಕ್ಕೆ ಬಡ್ಡಿ ನಿಗದಿಯಾಗಿರುವುದರಿಂದ, ಹಳೆಯ ಅಗ್ಗದ ಸಾಲವಿರುವವರು ಮನೆ ಮಾರಿದರೆ ಆ ಸಾಲವನ್ನೂ ಕಳೆದುಕೊಳ್ಳುತ್ತಾರೆ. ಆದ್ದರಿಂದ ಮಾರಲೇ ಇಲ್ಲ. 2023ರಲ್ಲಿ ಅಲ್ಲಿ ಹಳೆಯ ಮನೆಗಳ ಮಾರಾಟ 1995ರಿಂದೀಚೆಗಿನ ಕನಿಷ್ಠ ಮಟ್ಟಕ್ಕೆ ಇಳಿಯಿತು. ಬೇಡಿಕೆಯೂ ಪೂರೈಕೆಯೂ ಒಟ್ಟಿಗೇ ಬತ್ತಿದಾಗ ಉಳಿದ ಕೆಲವೇ ಮನೆಗಳಿಗೆ, ಉಳಿದ ಕೆಲವೇ ಖರೀದಿದಾರರು ಕೊಟ್ಟ ಬೆಲೆಯೇ ಇಡೀ ಮಾರುಕಟ್ಟೆಯ ಬೆಲೆಯೆಂದು ದಾಖಲಾಯಿತು. ಅಂಥ ವರ್ಷದಲ್ಲಿ ಕೊಂಡವರು ದುಬಾರಿ ಬೆಲೆಯನ್ನೂ ದುಬಾರಿ ಬಡ್ಡಿಯನ್ನೂ ಒಟ್ಟಿಗೇ ಹೊತ್ತರು. ಎಲ್ಲ ಪರಿಸ್ಥಿತಿಗಳಲ್ಲಿಯೂ ಅತ್ಯಂತ ಕೆಟ್ಟದ್ದು ಇದೇ, ಬಡ್ಡಿ ಇಳಿದರೆ ಸಾಲವನ್ನು ಬದಲಿಸಿಕೊಳ್ಳಬಹುದೆಂಬ ಸಮಾಧಾನವೊಂದನ್ನು ಬಿಟ್ಟು.

ಈಗ ಎರಡನೇ ಪ್ರಶ್ನೆ. ಮಾರುಕಟ್ಟೆಯ ಬೆಲೆ ಏನೇ ಇರಲಿ, ಅದಕ್ಕಿಂತಲೂ ಹೆಚ್ಚು ಕೊಡುವುದು ಹೇಗೆ ಸಂಭವಿಸುತ್ತದೆ? ಪೈಪೋಟಿಯ ಮಾರುಕಟ್ಟೆಯಲ್ಲಿ ಗೆದ್ದವರಿಗೆ ಗೆಲುವೇ ಅಶುಭ ಸೂಚನೆಯಾಗಬಹುದು. ಮೆಕ್ಸಿಕೋ ಕೊಲ್ಲಿಯ ತೈಲ ನಿಕ್ಷೇಪಗಳ ಹರಾಜಿನಲ್ಲಿ ಕಂಪನಿಗಳಿಗೆ ನಿರೀಕ್ಷಿಸಿದಷ್ಟು ಲಾಭ ಬಾರದಿದ್ದುದನ್ನು ಗಮನಿಸಿದ ಮೂವರು ಎಂಜಿನಿಯರುಗಳು 1971ರಲ್ಲಿ ಬರೆದ ಲೇಖನವೊಂದು ಈ ವಿಚಾರಕ್ಕೆ ಮೂಲ. ಒಂದೇ ವಸ್ತುವನ್ನು ಹತ್ತು ಜನ ಪ್ರಾಮಾಣಿಕವಾಗಿ ಅಂದಾಜು ಮಾಡಿದಾಗ ಅವರ ಸರಾಸರಿ ಸರಿಯಾಗಿಯೇ ಇರಬಹುದು. ಆದರೆ ವಸ್ತು ಹೋಗುವುದು ಸರಾಸರಿ ಅಂದಾಜಿನವರಿಗಲ್ಲ, ಎಲ್ಲರಿಗಿಂತ ಹೆಚ್ಚು ಅಂದಾಜಿಸಿದವರಿಗೆ. ಅಂದರೆ ಹತ್ತು ಜನರಲ್ಲಿ ಅತಿ ದೊಡ್ಡ ತಪ್ಪು ಮಾಡಿದವರಿಗೆ. ಸ್ಪರ್ಧಿಗಳು ಹೆಚ್ಚಿದಷ್ಟೂ ಈ ತಪ್ಪಿನ ಗಾತ್ರ ಬೆಳೆಯುತ್ತದೆ. ಮನೆಯ ವಿಷಯದಲ್ಲಿ ಒಂದು ವ್ಯತ್ಯಾಸವಿದೆ: ತೈಲಬಾವಿ ಎಲ್ಲರಿಗೂ ಒಂದೇ ಮೌಲ್ಯದ್ದು, ಮನೆ ಹಾಗಲ್ಲ, ಕಚೇರಿಗೆ ಹತ್ತಿರವೆಂಬ ಕಾರಣಕ್ಕೆ ಒಬ್ಬರಿಗೆ ಅದು ನಿಜವಾಗಿಯೂ ಹೆಚ್ಚು ಬೆಲೆಯುಳ್ಳದ್ದಾಗಿರಬಹುದು. ಆದರೂ ಮರುಮಾರಾಟದ ಬೆಲೆಯ ಮಟ್ಟಿಗೆ ಎಲ್ಲರೂ ಒಂದೇ ತೈಲಬಾವಿಯನ್ನು ಅಂದಾಜಿಸುತ್ತಿರುತ್ತಾರೆ.

ಇದನ್ನು ಮನೆಗಳಲ್ಲಿಯೇ ಅಳೆದ ಅಪರೂಪದ ಅವಕಾಶವೊಂದು ಓರ್ಲಿ ಆಶೆನ್‌ಫೆಲ್ಟರ್ ಮತ್ತು ಡೇವಿಡ್ ಜೆನೆಸೋವ್ ಅವರಿಗೆ ಸಿಕ್ಕಿತು. ನ್ಯೂಜೆರ್ಸಿಯಲ್ಲಿ ಒಂದು ಸಮುಚ್ಚಯದ ಫ್ಲ್ಯಾಟುಗಳು ಬಹಿರಂಗ ಹರಾಜಾದವು. ಹರಾಜಿನಲ್ಲಿ ಕೂಗಿದ ಹಲವರ ಖರೀದಿ ನಾನಾ ಕಾರಣಗಳಿಂದ ಮುರಿದುಬಿದ್ದು, ಅವೇ ಫ್ಲ್ಯಾಟುಗಳು ನಂತರ ಮುಖಾಮುಖಿ ಮಾತುಕತೆಯಲ್ಲಿ ಮಾರಾಟವಾದವು. ಅದೇ ಕಟ್ಟಡ, ಅದೇ ಬಾಗಿಲು, ನಡುವೆ ಹೋದದ್ದು ಸ್ವಲ್ಪವೇ ಕಾಲ. ಹರಾಜಿನ ಬೆಲೆ ಮಾತುಕತೆಯ ಬೆಲೆಗಿಂತ ಸುಮಾರು ಶೇ 13ರಷ್ಟು ಮೇಲಿತ್ತು. 1992ರಲ್ಲಿ ಪ್ರಕಟವಾದ ಈ ಅಧ್ಯಯನವು ಗುಳ್ಳೆಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಹತ್ತಾರು ಜನರ ನಡುವೆ ಕೈಯೆತ್ತಿ ನಿಂತದ್ದಕ್ಕೆ ತೆತ್ತ ಬೆಲೆ ಎಷ್ಟೆಂಬುದನ್ನು ಮಾತ್ರ ಹೇಳುತ್ತದೆ. ಮುಚ್ಚಿದ ಲಕೋಟೆಯ ಬಿಡ್ಡು, ಇನ್ನೂ ನಾಲ್ಕು ಜನ ನೋಡಿಕೊಂಡು ಹೋಗಿದ್ದಾರೆ ಎಂಬ ದಲ್ಲಾಳಿಯ ಫೋನು, ಇಂದೇ ಮುಂಗಡ ಕೊಟ್ಟರೆ ಮಾತ್ರ ಈ ದರ ಎಂಬ ಷರತ್ತು, ಇವೆಲ್ಲವೂ ಖಾಸಗಿ ಮಾತುಕತೆಯನ್ನು ಹರಾಜಿನ ಕಡೆಗೆ ತಳ್ಳುವ ತಂತ್ರಗಳೇ.

ಕೇಳುವ ಬೆಲೆ ಮಾಡುವ ಕೆಲಸವೂ ಸಣ್ಣದಲ್ಲ. ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಅಮೆರಿಕದ ಟೂಸಾನ್ ನಗರದಲ್ಲಿ ಮಾಡಿದ ಪ್ರಯೋಗವೊಂದನ್ನು 1987ರಲ್ಲಿ ಪ್ರಕಟಿಸಿದರು. ರಿಯಲ್ ಎಸ್ಟೇಟ್ ಏಜೆಂಟರನ್ನು ಮನೆಯೊಂದಕ್ಕೆ ಕರೆದೊಯ್ದು, ಎಲ್ಲರಿಗೂ ಒಂದೇ ಮಾಹಿತಿಪತ್ರ ಕೊಟ್ಟು, ಅದರಲ್ಲಿ ಮಾರಾಟಗಾರ ಕೇಳಿದ ಬೆಲೆಯನ್ನು ಮಾತ್ರ ಒಬ್ಬೊಬ್ಬರಿಗೆ ಒಂದೊಂದಾಗಿ ಬರೆದಿದ್ದರು. ಏಜೆಂಟರ ಮೌಲ್ಯಮಾಪನ ಆ ಸಂಖ್ಯೆಯನ್ನೇ ಹಿಂಬಾಲಿಸಿತು. ಕೇಳಿದ ಬೆಲೆಯನ್ನು ನೋಡಿ ತೀರ್ಮಾನಿಸಿದಿರಾ ಎಂದಾಗ ಬಹುಪಾಲು ಏಜೆಂಟರು ಇಲ್ಲವೆಂದರು. ವೃತ್ತಿಪರರೇ ಹೀಗಾದರೆ ಮೊದಲ ಬಾರಿ ಕೊಳ್ಳುವವರ ಪಾಡೇನು? ಅದಕ್ಕಿಂತ ಕುತೂಹಲದ್ದೆಂದರೆ ಕೇಳುವ ಬೆಲೆಯಲ್ಲಿ ಮಾರಾಟಗಾರರ ಹಳೆಯ ಗಾಯವೂ ಸೇರಿರುತ್ತದೆ. 1990ರ ದಶಕದ ಬಾಸ್ಟನ್‌ನಲ್ಲಿ ತಾವು ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು, ಮಿಕ್ಕವರಿಗಿಂತ ಹೆಚ್ಚಿನ ಬೆಲೆಯನ್ನು ನಮೂದಿಸಿದ್ದರು: ಆಗಲಿದ್ದ ನಷ್ಟದ ಶೇ 25ರಿಂದ 35ರಷ್ಟನ್ನು ಬೆಲೆಗೆ ಸೇರಿಸಿ. ಅದರ ಒಂದು ಸಣ್ಣ ಭಾಗ ಅವರಿಗೆ ನಿಜವಾಗಿಯೂ ಸಿಕ್ಕಿತು, ಅಂದರೆ ಯಾರೋ ಕೊಟ್ಟರು. ಕೊಳ್ಳುವವರ ಹಳೆಯ ಅನುಭವವೂ ಇದೇ ಕೆಲಸ ಮಾಡುತ್ತದೆ. ದುಬಾರಿ ನಗರದಿಂದ ಅಗ್ಗದ ನಗರಕ್ಕೆ ಬಂದವರು ಮೊದಲು ಹೆಚ್ಚು ಬಾಡಿಗೆಯ ಮನೆಯನ್ನೇ ಹಿಡಿದು, ಹೊಸ ಊರಿನ ದರ ಮನವರಿಕೆಯಾದ ಮೇಲೆ ಮತ್ತೆ ಮನೆ ಬದಲಿಸಿ ಖರ್ಚನ್ನು ಸರಿಹೊಂದಿಸಿಕೊಳ್ಳುವುದನ್ನು ಉರಿ ಸಿಮೋನ್‌ಸೋನ್ ಮತ್ತು ಜಾರ್ಜ್ ಲೋವೆನ್‌ಸ್ಟೈನ್ ತೋರಿಸಿದ್ದಾರೆ. ಬಾಡಿಗೆದಾರರು ಹಾಗೆ ಬದಲಿಸಿಕೊಳ್ಳಬಹುದು. ಕೊಂಡವರಿಗೆ ಆ ಅವಕಾಶ ಸುಲಭವಲ್ಲ.

ಬ್ಯಾಂಕು ಮೌಲ್ಯಮಾಪನ ಮಾಡಿಸಿಯೇ ಸಾಲ ಕೊಟ್ಟಿದೆ, ಹಾಗಾಗಿ ಬೆಲೆ ಸರಿಯೇ ಇರಬೇಕು ಎಂಬ ನೆಮ್ಮದಿಯೂ ಹುಸಿ. ಮೌಲ್ಯಮಾಪಕರಿಗೆ ಒಪ್ಪಂದದ ಬೆಲೆ ಸಾಮಾನ್ಯವಾಗಿ ಮೊದಲೇ ಗೊತ್ತಿರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬ್ಯಾಂಕು ನೋಡುವುದು ತನ್ನ ಸಾಲ ಸುರಕ್ಷಿತವೇ ಎಂಬುದನ್ನು. ಬೆಲೆಯ ಶೇ 80ರಷ್ಟು ಸಾಲ ಕೊಟ್ಟ ಬ್ಯಾಂಕಿಗೆ, ಮನೆ ಶೇ 20ರಷ್ಟು ಹೆಚ್ಚು ಬೆಲೆಗೆ ಹೋಗಿದ್ದರೂ ಹಣಕ್ಕೆ ಆಧಾರವಿದೆ. ಆ ಶೇ 20 ಕೊಳ್ಳುವವರದ್ದು. ನಷ್ಟವಾದರೆ ಮೊದಲು ಹೋಗುವುದೂ ಅದೇ. ಮನೆಯ ಬೆಲೆ ಐದನೇ ಒಂದು ಭಾಗ ಇಳಿದರೆ ಅವರ ಹೂಡಿಕೆ ಪೂರ್ತಿ ಶೂನ್ಯ.

ಇಷ್ಟೆಲ್ಲ ಹೇಳಿದ ಮೇಲೂ, ಬಾಡಿಗೆಯ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಕೊಡುವುದು ಯಾವಾಗಲೂ ಮೂರ್ಖತನವೆಂದು ನಾನು ಒಪ್ಪುವುದಿಲ್ಲ. ಬಾಡಿಗೆಯೂ ಏರುತ್ತದೆ, ಮಾಲೀಕರು ಖಾಲಿ ಮಾಡಿಸಬಹುದು, ಮಕ್ಕಳ ಶಾಲೆ ನಡುವೆ ಬದಲಾಗಬಹುದು. ಸ್ವಂತ ಮನೆ ಈ ಅನಿಶ್ಚಿತತೆಗೆ ವಿಮೆಯಿದ್ದಂತೆ, ಮತ್ತು ಒಂದೇ ಊರಿನಲ್ಲಿ ಹೆಚ್ಚು ಕಾಲ ಇರುವವರಿಗೆ ಆ ವಿಮೆಯ ಬೆಲೆ ಹೆಚ್ಚು. ನೆಮ್ಮದಿಗೆ ಹಣ ಕೊಡುವುದು ತಪ್ಪಲ್ಲ. ಎಷ್ಟು ಕೊಡುತ್ತಿದ್ದೇವೆ ಎಂದು ತಿಳಿಯದೆ ಕೊಡುವುದು, ಮತ್ತು ಅದನ್ನು ಹೂಡಿಕೆಯ ಖಾತೆಯಲ್ಲಿ ಬರೆದುಕೊಳ್ಳುವುದು ತಪ್ಪು. ಬೆಲೆ ಹಣದುಬ್ಬರದಷ್ಟೇ ಏರಿದರೂ, ಬಾಡಿಗೆಗಿಂತ ವರ್ಷಕ್ಕೆ ಎಷ್ಟು ಹೆಚ್ಚು ಹೋಗುತ್ತದೆ ಎಂಬ ಸಂಖ್ಯೆಯನ್ನು ಕಾಗದದ ಮೇಲೆ ಬರೆದು, ಆ ಮೊತ್ತವನ್ನು ನೆಮ್ಮದಿಗಾಗಿ ಕೊಡಲು ತಾವು ಸಿದ್ಧರೇ ಎಂದು ಕೇಳಿಕೊಂಡವರು, ಸಿದ್ಧರಿದ್ದೇವೆ ಎಂದರೆ, ಅವರು ಹೆಚ್ಚು ತೆತ್ತರೆಂದು ಹೊರಗಿನವರು ಹೇಳಲಾಗದು. ಬೆಲೆ ಏರಲೇಬೇಕು, ಇಲ್ಲದಿದ್ದರೆ ಕಂತು ನಿಭಾಯಿಸಲಾಗದು ಎನ್ನುವ ಸ್ಥಿತಿಯಲ್ಲಿ ಕೊಂಡವರ ವಿಷಯ ಬೇರೆ. ಐರ್ಲೆಂಡಿನಲ್ಲಿ 2007ರ ಶಿಖರದಲ್ಲಿ ಕೊಂಡ ಮನೆಗಳ ಬೆಲೆ 2013ರ ಹೊತ್ತಿಗೆ ಸರಾಸರಿ ಅರ್ಧದಷ್ಟಾಗಿ, ಮತ್ತೆ ಅದೇ ಮಟ್ಟ ಮುಟ್ಟಿದ್ದು 2022ರಲ್ಲಿ. ಹದಿನೈದು ವರ್ಷ ಅದೇ ಮನೆಯಲ್ಲಿ ಉಳಿದು ಕಂತು ಕಟ್ಟಬಲ್ಲವರಾಗಿದ್ದವರಿಗೆ ಅದು ಕಾಗದದ ಮೇಲಿನ ನಷ್ಟ. ನಡುವೆ ಕೆಲಸ ಹೋದವರಿಗೆ, ಊರು ಬಿಡಬೇಕಾದವರಿಗೆ ಕೈಯಿಂದ ಹೋದ ಹಣ.

ಕೊಳ್ಳುವವರ ಪರವಾಗಿ ಇನ್ನೊಂದು ವಾದವಿದೆ, ಮತ್ತು ಅದಕ್ಕೆ ಆಧಾರವೂ ಇದೆ. ಬಾಡಿಗೆಯೇ ಲಾಭ ಎನ್ನುವ ಲೆಕ್ಕಗಳೆಲ್ಲ, ಬಾಡಿಗೆಗಿರುವವರು ಉಳಿದ ಹಣವನ್ನು ತಿಂಗಳು ತಪ್ಪದೆ ಹೂಡುತ್ತಾರೆಂದು ಊಹಿಸುತ್ತವೆ. ನೆದರ್ಲೆಂಡ್ಸ್‌ನಲ್ಲಿ 2013ರಿಂದ ಹೊಸ ಗೃಹಸಾಲಗಳಿಗೆ ಬಡ್ಡಿಯ ಮೇಲಿನ ತೆರಿಗೆ ವಿನಾಯಿತಿ ಬೇಕಾದರೆ ಅಸಲನ್ನೂ ತೀರಿಸುತ್ತ ಹೋಗಬೇಕೆಂಬ ನಿಯಮ ಬಂತು. ಆಸಾಫ್ ಬರ್ನ್‌ಸ್ಟೈನ್ ಮತ್ತು ಪೀಟರ್ ಕೌಡೈಸ್ ಅದರ ಪರಿಣಾಮವನ್ನು ಅಳೆದಾಗ, ಅಸಲು ಕಟ್ಟಬೇಕಾಗಿ ಬಂದ ಕುಟುಂಬಗಳು ಇತರ ಉಳಿತಾಯವನ್ನು ಹೆಚ್ಚೇನೂ ಕಡಿತಗೊಳಿಸಲಿಲ್ಲವೆಂದು ಕಂಡುಬಂತು; ಖರ್ಚು ತಗ್ಗಿಸಿದವು, ಇಲ್ಲವೇ ಹೆಚ್ಚು ದುಡಿದವು, ಒಟ್ಟು ಸಂಪತ್ತು ಬೆಳೆಯಿತು. ಬಲವಂತವಿಲ್ಲದೆ ಉಳಿಸದ ಕುಟುಂಬಕ್ಕೆ ತುಸು ದುಬಾರಿ ಮನೆಯೂ ಲಾಭದಾಯಕವಾಗಬಹುದು ಎಂದಾಯಿತು. ಆದರೆ ಈ ಉಳಿತಾಯ ಕೂಡುವ ವೇಗವನ್ನು ಗಮನಿಸಬೇಕು. ಶೇ 8ರ ಬಡ್ಡಿಯಲ್ಲಿ 20 ವರ್ಷಕ್ಕೆ 100 ಸಾಲ ಪಡೆದರೆ ಒಟ್ಟು ಕಟ್ಟುವುದು ಸುಮಾರು 200. ಮೊದಲ ವರ್ಷ ಕಟ್ಟುವ 10ರಲ್ಲಿ ಅಸಲಿಗೆ ಹೋಗುವುದು 2 ಮಾತ್ರ. ಕಂತಿನಲ್ಲಿ ಅಸಲಿನ ಪಾಲು ಬಡ್ಡಿಯನ್ನು ಮೀರುವುದು ಹನ್ನೆರಡನೇ ವರ್ಷದಲ್ಲಿ. ಬೆಲೆ 100, ಸಾಲ 80 ಎಂದಿಟ್ಟುಕೊಂಡರೆ ಐದು ವರ್ಷದ ಕೊನೆಗೆ ತೀರಿದ ಅಸಲು ಸುಮಾರು 10. ಮುದ್ರಾಂಕ ಶುಲ್ಕ, ನೋಂದಣಿ, ದಲ್ಲಾಳಿ, ವಕೀಲರ ವೆಚ್ಚ ಎಲ್ಲ ಸೇರಿ ಒಂದು ಮನೆಯನ್ನು ಕೊಂಡು ಮಾರುವ ಖರ್ಚು ಅನೇಕ ಕಡೆ ಬೆಲೆಯ ಶೇ 10ರ ಆಸುಪಾಸಿಗೆ ಹೋಗುವುದುಂಟು. ಐದನೇ ವರ್ಷಕ್ಕೆ ಮಾರಿ ಹೊರಟವರ ಬಲವಂತದ ಉಳಿತಾಯವೆಲ್ಲ ಅಲ್ಲಿಗೆ ಚುಕ್ತಾ.